ಮೀಟರ್‌ನಿಂದ ಲೀಟರ್‌ಗೆ ಹೋಗುವಾಗ ಸೊನ್ನೆ ಕಳೆದುಹೋಗುವುದು ಎಲ್ಲಿ?

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿಯಲ್ಲಿದ್ದಾಳೆ. ಘನಫಲದ ಸೂತ್ರಗಳೆಲ್ಲ ಅವಳಿಗೆ ಬಾಯಿಪಾಠ. ಒಂದೇ ಹಂತದ ಲೆಕ್ಕವಾದರೆ ಥಟ್ಟನೆ ಮಾಡುತ್ತಾಳೆ. ಮೀಟರ್, ಸೆಂಟಿಮೀಟರ್, ಲೀಟರ್ ಎಲ್ಲ ಸೇರಿದ ಉದ್ದನೆಯ ಲೆಕ್ಕ ಬಂದರೆ ಮಾತ್ರ ತಪ್ಪುತ್ತದೆ. ಮೊನ್ನೆಯ ಲೆಕ್ಕ ಇದು: ಒಂದು ತೊಟ್ಟಿಯ ಉದ್ದ 1.5 ಮೀಟರ್, ಅಗಲ 80 ಸೆಂ.ಮೀ., ಎತ್ತರ 60 ಸೆಂ.ಮೀ. ಅದರಲ್ಲಿ ಈಗಾಗಲೇ 20 ಸೆಂ.ಮೀ. ಎತ್ತರಕ್ಕೆ ನೀರಿದೆ. ನಿಮಿಷಕ್ಕೆ 12 ಲೀಟರ್ ಬರುವ ನಲ್ಲಿ ತೆರೆದರೆ ತೊಟ್ಟಿ ತುಂಬಲು ಎಷ್ಟು ಹೊತ್ತು ಬೇಕು? ಅವಳು ಬರೆದದ್ದು: 1.5 × 0.8 × 0.6 = 0.72. ಆಮೇಲೆ 0.72 × 100 = 72. ಮೂರನೇ ಒಂದು ಭಾಗ ನೀರಿದೆ, ಅಂದರೆ 24. ಉಳಿದದ್ದು 48. 48 ÷ 12 = 4 ನಿಮಿಷ. ಪುಸ್ತಕದ ಉತ್ತರ 40 ನಿಮಿಷ. ನಾನೂ ಎರಡು ಸಲ ನೋಡಿದೆ, ತಪ್ಪು ಎಲ್ಲಿದೆ ಅಂತ ತಿಳಿಯಲಿಲ್ಲ. ಏಕಮಾನ ಬದಲಿಸಬೇಕಾದ್ದು ಮೊದಲೋ ಕೊನೆಗೋ? ಮನೆಯಲ್ಲಿ ಹೇಗೆ ಅಭ್ಯಾಸ ಮಾಡಿಸಲಿ?

ಉತ್ತರ: ಅವಳ ಹಂತಗಳನ್ನೂ ಬರೆದು ಕಳಿಸಿದ್ದು ತುಂಬಾ ಒಳ್ಳೆಯದಾಯಿತು. ಬರೀ ಉತ್ತರ ನೋಡಿದರೆ ಏನೂ ಬರುವುದಿಲ್ಲ ಅನ್ನಿಸುತ್ತದೆ. ಹಂತ ನೋಡಿದರೆ ಗೊತ್ತಾಗುತ್ತದೆ, ಅವಳು ಮುಕ್ಕಾಲು ಪಾಲು ಸರಿಯಾಗಿಯೇ ಮಾಡಿದ್ದಾಳೆ. ಗುಣಿಸುವ ಮೊದಲೇ ಮೂರು ಅಳತೆಗಳನ್ನೂ ಮೀಟರ್‌ಗೆ ತಂದಿದ್ದಾಳೆ. ಇರುವ ನೀರನ್ನು ಕಳೆಯಬೇಕು ಅಂತ ಅವಳಿಗೆ ಹೊಳೆದಿದೆ. ಕೊನೆಗೆ ಭಾಗಿಸಿದ್ದೂ ಸರಿ. ತಪ್ಪಿರುವುದು ಒಂದೇ ಸಾಲಿನಲ್ಲಿ: 0.72 × 100 = 72.

ಆ 100 ಎಲ್ಲಿಂದ ಬಂತು ಅಂತ ಅವಳನ್ನೇ ಕೇಳಿ. "ಒಂದು ಮೀಟರ್ ಅಂದರೆ 100 ಸೆಂಟಿಮೀಟರ್ ಅಲ್ವಾ" ಅನ್ನುತ್ತಾಳೆ. ನಿಜ. ಆದರೆ ಅದು ಉದ್ದದ ಮಾತು. 0.72 ಉದ್ದ ಅಲ್ಲ. ಮೂರು ಉದ್ದಗಳನ್ನು ಗುಣಿಸಿ ಬಂದ ಘನಫಲ ಅದು, 0.72 ಘನ ಮೀಟರ್. ಅದರ ಪಕ್ಕದಲ್ಲಿ "ಘನ ಮೀಟರ್" ಅಂತ ಬರೆದಿದ್ದರೆ ಅವಳ ಕೈ ಅಲ್ಲೇ ಸ್ವಲ್ಪ ತಡೆಯುತ್ತಿತ್ತು. ಅವಳ ಹಂತಗಳನ್ನು ಇನ್ನೊಮ್ಮೆ ನೋಡಿ. ಕೊನೆಯ "ನಿಮಿಷ" ಬಿಟ್ಟರೆ ಎಲ್ಲೂ ಏಕಮಾನ ಇಲ್ಲ. 0.72 ಏನು? 72 ಏನು? 72 ಅನ್ನುವುದು ಸೆಂಟಿಮೀಟರ್ ಅಂದುಕೊಂಡು ಹುಟ್ಟಿದ ಸಂಖ್ಯೆ. ಮುಂದಿನ ಸಾಲಿಗೆ ಬರುವಷ್ಟರಲ್ಲಿ ಸದ್ದಿಲ್ಲದೆ ಲೀಟರ್ ಆಗಿಬಿಟ್ಟಿದೆ. ನಿಮಗೂ ತಪ್ಪು ಕಾಣದೇ ಇದ್ದದ್ದು ಇದಕ್ಕೇ. ಸಂಖ್ಯೆಗಳು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿವೆ. ಏಕಮಾನಗಳು ಹೊಂದಿಕೊಂಡಿಲ್ಲ, ಆದರೆ ಅವು ಹಾಳೆಯ ಮೇಲೆ ಇಲ್ಲವೇ ಇಲ್ಲ.

ಈಗ 100ರ ಬದಲು ಎಷ್ಟು ಬರಬೇಕಿತ್ತು ನೋಡೋಣ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ದೊಡ್ಡ ಪೆಟ್ಟಿಗೆಯನ್ನು ಮನಸ್ಸಿಗೆ ತಂದುಕೊಳ್ಳಿ. ಅದರೊಳಗೆ ಒಂದೊಂದು ಸೆಂಟಿಮೀಟರ್‌ನ ಪುಟ್ಟ ಘನಗಳನ್ನು ಜೋಡಿಸುತ್ತಾ ಹೋಗಬೇಕು. ಒಂದು ಸಾಲಿಗೆ 100. ತಳ ಪೂರ್ತಿ ಮುಚ್ಚಲು ಅಂಥ 100 ಸಾಲು, ಅಂದರೆ 10,000. ಇಷ್ಟಾದರೂ ಎತ್ತರ ಒಂದೇ ಸೆಂಟಿಮೀಟರ್. ಪೆಟ್ಟಿಗೆ ತುಂಬಲು ಇಂಥ 100 ಪದರ ಬೇಕು. ಒಟ್ಟು 10 ಲಕ್ಷ! ಹಾಗಾಗಿ ಒಂದು ಘನ ಮೀಟರ್ ಅಂದರೆ 10,00,000 ಘನ ಸೆಂಟಿಮೀಟರ್. 100 ಮೂರು ಸಲ ಬರುತ್ತದೆ, ಉದ್ದಕ್ಕೊಮ್ಮೆ, ಅಗಲಕ್ಕೊಮ್ಮೆ, ಎತ್ತರಕ್ಕೊಮ್ಮೆ. ಮಕ್ಕಳು ಅದನ್ನು ಒಂದೇ ಸಲ ಹಾಕುತ್ತಾರೆ. ಈ ಪಾಠದಲ್ಲಿ ನಾನು ಅತಿ ಹೆಚ್ಚು ಕಂಡಿರುವ ತಪ್ಪು ಇದು.

ಲೀಟರ್ ಇವೆರಡರ ನಡುವೆ ಬರುತ್ತದೆ. ಎಲ್ಲ ಬದಿಯೂ 10 ಸೆಂ.ಮೀ. ಇರುವ ಘನದಲ್ಲಿ ಹಿಡಿಸುವಷ್ಟು ಒಂದು ಲೀಟರ್. 10 × 10 × 10, ಅಂದರೆ 1000 ಘನ ಸೆಂ.ಮೀ. ಒಂದು ಮೀಟರ್‌ನ ಪೆಟ್ಟಿಗೆಯಲ್ಲಿ ಇಂಥ ಲೀಟರ್ ಘನಗಳು ಸಾಲಿಗೆ 10, ಪದರಕ್ಕೆ 100, ಹತ್ತು ಪದರಕ್ಕೆ 1000. ಹಾಗಾಗಿ ಒಂದು ಘನ ಮೀಟರ್‌ಗೆ 1000 ಲೀಟರ್. ಅವಳ 0.72 ಘನ ಮೀಟರ್ ಅಂದರೆ 720 ಲೀಟರ್. ಅದರಲ್ಲಿ 240 ಲೀಟರ್ ಮೊದಲೇ ಇದೆ. ಉಳಿದ 480 ಲೀಟರ್, ನಿಮಿಷಕ್ಕೆ 12ರಂತೆ 40 ನಿಮಿಷ.

ದಯವಿಟ್ಟು ಒಂದು ಕೆಲಸ ಮಾಡಿಸಿ. ರಟ್ಟು ಕತ್ತರಿಸಿ, 10 ಸೆಂ.ಮೀ. ಬದಿಯ ಒಂದು ಘನವನ್ನು ಅವಳ ಕೈಯಲ್ಲೇ ಅಂಟಿಸಿ ಮಾಡಿಸಿ. ಅದು ಓದುವ ಮೇಜಿನ ಮೇಲೆ ಇರಲಿ. ಲೀಟರ್ ಅನ್ನುವುದು ಬಾಟಲಿಯ ಮೇಲಿನ ಒಂದು ಪದ ಮಾತ್ರ ಆಗಿರುವವರೆಗೆ ಈ ಲೆಕ್ಕಗಳು ಸುಮ್ನೆ ಸೊನ್ನೆಗಳ ಆಟ. ಅದು ಕೈಯಲ್ಲಿ ಹಿಡಿಯುವ ವಸ್ತು ಆದಮೇಲೆ ಮಗು ತಾನೇ ಪ್ರಶ್ನೆ ಕೇಳಿಕೊಳ್ಳಲು ಶುರು ಮಾಡುತ್ತದೆ. ಒಂದೂವರೆ ಮೀಟರ್ ಉದ್ದದ ತೊಟ್ಟಿಯಲ್ಲಿ ಬರೀ 72 ಲೀಟರ್ ಹಿಡಿಯುತ್ತದಾ? ದೊಡ್ಡವರೊಬ್ಬರು ಕಾಲು ಚಾಚಿ ಕೂರಬಹುದಾದ ತೊಟ್ಟಿ ಅದು. ನಾಲ್ಕೈದು ಬಕೆಟ್ ನೀರಿಗೆ ತುಂಬಿಬಿಡಲು ಸಾಧ್ಯವೇ ಇಲ್ಲ. ಈ ಅನುಮಾನ ಬಂದರೆ ಸಾಕು, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಏಕಮಾನ ಬದಲಿಸುವುದು ಮೊದಲೋ ಕೊನೆಗೋ? ಎರಡೂ ದಾರಿ ಸರಿಯೇ. ಆದರೆ ನಾನು ಕಲಿಸುವುದು ಮೊದಲು ಬದಲಿಸುವುದನ್ನು. ಕಾರಣ ಸರಳ. ಉದ್ದವನ್ನು ಬದಲಿಸುವಾಗ 10, 100 ಇಷ್ಟೇ ಬರುತ್ತದೆ, ಅದು ಮಕ್ಕಳಿಗೆ ಚೆನ್ನಾಗಿ ಗೊತ್ತು. ಘನಫಲ ಬಂದಮೇಲೆ ಬದಲಿಸಲು ಹೋದರೆ ಸಾವಿರ, ಹತ್ತು ಲಕ್ಷ ಅಂತ ನೆನಪಿಟ್ಟುಕೊಳ್ಳಬೇಕು. ನೆನಪು ಪರೀಕ್ಷೆಯ ಹೊತ್ತಿಗೆ ಕೈಕೊಡುತ್ತದೆ.

ಮೊದಲು ಬದಲಿಸುವುದಾದರೆ ಯಾವುದಕ್ಕೆ? ಇಲ್ಲಿ ನನಗೊಂದು ಮೆಚ್ಚಿನ ದಾರಿ ಇದೆ. ಕೇಳಿರುವುದು ಲೀಟರ್ ಆದರೆ ಎಲ್ಲವನ್ನೂ ಡೆಸಿಮೀಟರ್‌ಗೆ ತನ್ನಿ. ಡೆಸಿಮೀಟರ್ ಅಂದರೆ 10 ಸೆಂ.ಮೀ. ಮೂರನೇ ಕ್ಲಾಸಿನಲ್ಲಿ ಪಟ್ಟಿಯಲ್ಲಿ ಬರೆಸಿ, ಆಮೇಲೆ ಎಲ್ಲರೂ ಮರೆತುಬಿಡುವ ಅಳತೆ. ಘನಫಲದ ಪಾಠದಲ್ಲಿ ಮಾತ್ರ ಅದರಷ್ಟು ಸಹಾಯ ಮಾಡುವುದು ಬೇರೆ ಯಾವುದೂ ಇಲ್ಲ. ಯಾಕೆಂದರೆ ಒಂದು ಘನ ಡೆಸಿಮೀಟರ್ ಅಂದರೇ ಒಂದು ಲೀಟರ್. ಅವಳು ಅಂಟಿಸಿದ ರಟ್ಟಿನ ಘನವೇ ಅದು. ನಿಮ್ಮ ತೊಟ್ಟಿಯನ್ನು ಹೀಗೆ ಬರೆಯಿರಿ: 15 ಡೆ.ಮೀ. × 8 ಡೆ.ಮೀ. × 6 ಡೆ.ಮೀ. = 720 ಲೀಟರ್. ದಶಮಾಂಶದ ಚುಕ್ಕಿಯೂ ಇಲ್ಲ, ಸೊನ್ನೆಗಳ ಸಾಲೂ ಇಲ್ಲ. ಇನ್ನೂ ಒಂದು ಹೆಜ್ಜೆ ಉಳಿಸಬಹುದು. ತುಂಬಬೇಕಾದ ಎತ್ತರ 60ರಲ್ಲಿ 20 ಹೋಗಿ 40 ಸೆಂ.ಮೀ., ಅಂದರೆ 4 ಡೆ.ಮೀ. 15 × 8 × 4 = 480 ಲೀಟರ್. ಮುಗೀತು.

ಲೀಟರ್ ಮತ್ತು ಘನ ಡೆಸಿಮೀಟರ್ ಯಾವಾಗಲೂ ಹೀಗೆ ಒಂದೇ ಆಗಿರಲಿಲ್ಲ. 1901ರಲ್ಲಿ ಲೀಟರ್ ಅಂದರೆ ಒಂದು ಕಿಲೋಗ್ರಾಂ ನೀರು ತುಂಬುವ ಜಾಗ ಅಂತ ನಿಗದಿ ಮಾಡಿದರು. ಅಳೆದು ನೋಡಿದರೆ ಅದು 1000 ಘನ ಸೆಂ.ಮೀ.ಗಿಂತ ಕೂದಲೆಳೆಯಷ್ಟು ಜಾಸ್ತಿ, ಸುಮಾರು 1000.028. ಈ ಗೊಂದಲ ಬೇಡ ಅಂತ 1964ರಲ್ಲಿ ಲೀಟರ್ ಅಂದರೆ ಸರಿಯಾಗಿ ಒಂದು ಘನ ಡೆಸಿಮೀಟರ್ ಅಂತ ಮಾಡಿದರು. ಹಾಗಾಗಿ ನಾವು ಈಗ ಧೈರ್ಯವಾಗಿ ಸಮ ಚಿಹ್ನೆ ಹಾಕಬಹುದು.

ಈ ಡೆಸಿಮೀಟರ್ ದಾರಿ ಎಷ್ಟು ಹಗುರ ಅಂತ ತೋರಿಸಲು ಸ್ವಲ್ಪ ಕಷ್ಟದ ಲೆಕ್ಕವೊಂದನ್ನು ನೋಡಿ. ಒಂದು ಪೈಪಿನ ಒಳವ್ಯಾಸ 4 ಸೆಂ.ಮೀ. ಅದರಲ್ಲಿ ನೀರು ಸೆಕೆಂಡಿಗೆ 1.5 ಮೀಟರ್ ವೇಗದಲ್ಲಿ ಹರಿಯುತ್ತಿದೆ. 1.2 ಮೀಟರ್ ವ್ಯಾಸ, 1 ಮೀಟರ್ ಎತ್ತರದ ಸಿಲಿಂಡರ್ ಟ್ಯಾಂಕ್ ತುಂಬಲು ಎಷ್ಟು ಹೊತ್ತು? ಇದನ್ನು ನೋಡಿದ ಕೂಡಲೇ ಮಕ್ಕಳು ಗಾಬರಿಯಾಗುತ್ತಾರೆ. ವೇಗ ಯಾಕೆ ಬಂತು, ಘನಫಲಕ್ಕೂ ವೇಗಕ್ಕೂ ಏನು ಸಂಬಂಧ ಅಂತ.

ಇಂಥ ಕಡೆ ಲೆಕ್ಕವನ್ನು ಹಿಂದಿನಿಂದ ಓದಬೇಕು. ಕೊನೆಗೆ ಬೇಕಾದ್ದು ಹೊತ್ತು. ಹೊತ್ತು ಸಿಗಬೇಕಾದರೆ ಎರಡು ವಿಷಯ ಗೊತ್ತಿರಬೇಕು: ಟ್ಯಾಂಕಿನಲ್ಲಿ ಎಷ್ಟು ಲೀಟರ್ ಹಿಡಿಯುತ್ತದೆ, ಸೆಕೆಂಡಿಗೆ ಎಷ್ಟು ಲೀಟರ್ ಬರುತ್ತದೆ. ಮೊದಲನೆಯದಕ್ಕೆ ಸೂತ್ರ ಇದೆ. ಎರಡನೆಯದು? ಒಂದು ಸೆಕೆಂಡಿನಲ್ಲಿ ಪೈಪಿನ ಬಾಯಿಂದ ಹೊರಬಂದ ನೀರನ್ನು ಹಾಗೇ ಗಟ್ಟಿ ಮಾಡಿ ನಿಲ್ಲಿಸಿದರೆ ಹೇಗಿರುತ್ತದೆ? 4 ಸೆಂ.ಮೀ. ವ್ಯಾಸ, 1.5 ಮೀಟರ್ ಉದ್ದದ ಒಂದು ಕೋಲು. ಅಂದರೆ ಅದೂ ಒಂದು ಸಿಲಿಂಡರ್. ವೇಗವೇ ಅದರ ಉದ್ದ. ಈ ಚಿತ್ರ ಒಮ್ಮೆ ಮನಸ್ಸಿನಲ್ಲಿ ಕೂತರೆ ನಾಲೆ, ಕಾಲುವೆ, ಪೈಪು ಯಾವ ಲೆಕ್ಕಕ್ಕೂ ಹೆದರಬೇಕಿಲ್ಲ.

ಡೆಸಿಮೀಟರ್‌ನಲ್ಲಿ ಟ್ಯಾಂಕಿನ ತ್ರಿಜ್ಯ 6, ಎತ್ತರ 10. ಘನಫಲ: ಪೈ × 6 × 6 × 10 = 360 ಪೈ ಲೀಟರ್. ನೀರಿನ ಕೋಲಿನ ತ್ರಿಜ್ಯ 2 ಸೆಂ.ಮೀ., ಅಂದರೆ 0.2 ಡೆ.ಮೀ., ಉದ್ದ 15 ಡೆ.ಮೀ. ಘನಫಲ: ಪೈ × 0.2 × 0.2 × 15 = 0.6 ಪೈ ಲೀಟರ್. ಇಷ್ಟು ಒಂದು ಸೆಕೆಂಡಿಗೆ. 360 ಪೈ ÷ 0.6 ಪೈ = 600 ಸೆಕೆಂಡ್, 10 ನಿಮಿಷ. ಪೈ ಬೆಲೆ ಹಾಕುವ ಅಗತ್ಯವೇ ಬರಲಿಲ್ಲ ನೋಡಿ. 22/7 ಹಾಕಲು ಆತುರ ಬೇಡ ಅಂತ ನಾನು ಹೇಳುವುದು ಇದಕ್ಕೇ. ಕೊನೆಯವರೆಗೆ ಪೈ ಆಗಿಯೇ ಇರಲಿ, ಎಷ್ಟೋ ಸಲ ತಾನೇ ಹೊರಟುಹೋಗುತ್ತದೆ.

ಎಲ್ಲ ಲೆಕ್ಕಕ್ಕೂ ಡೆಸಿಮೀಟರ್ ಒಗ್ಗುವುದಿಲ್ಲ. ಸಣ್ಣ ಅಳತೆ ಬಂದಾಗ ಸೆಂಟಿಮೀಟರ್‌ನಲ್ಲೇ ಇರಿ. ಉದಾಹರಣೆಗೆ, ತಳ 50 ಸೆಂ.ಮೀ. × 40 ಸೆಂ.ಮೀ. ಇರುವ ಪಾತ್ರೆಯಲ್ಲಿ ನೀರಿದೆ. ಒಂದೇ ಅಳತೆಯ 20 ಕಲ್ಲು ಹಾಕಿದಾಗ, ಎಲ್ಲವೂ ಮುಳುಗಿ, ನೀರು 3 ಮಿ.ಮೀ. ಏರಿತು. ಒಂದು ಕಲ್ಲಿನ ಘನಫಲ ಎಷ್ಟು? ಏರಿದ ನೀರು 50 × 40 × 0.3 = 600 ಘನ ಸೆಂ.ಮೀ. ಒಂದು ಕಲ್ಲಿಗೆ 30. ಇಲ್ಲಿ 0.3ರ ಬದಲು 3 ಹಾಕಿ 300 ಅಂತ ಬರೆಯುವವರು ಬಹಳ.

ಮಳೆಯ ಲೆಕ್ಕದ ದಾರಿ ಇನ್ನೂ ಬೇರೆ. ಅದು ನನಗೆ ತುಂಬಾ ಇಷ್ಟ. ಮಳೆಯನ್ನು ಮಿಲಿಮೀಟರ್‌ನಲ್ಲಿ ಹೇಳುತ್ತಾರೆ, ನೀರನ್ನು ಲೀಟರ್‌ನಲ್ಲಿ ಕೇಳುತ್ತಾರೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಎಷ್ಟು ನೀರು? 100 × 100 × 0.1 = 1000 ಘನ ಸೆಂ.ಮೀ., ಅಂದರೆ ಸರಿಯಾಗಿ ಒಂದು ಲೀಟರ್. ಆದ್ದರಿಂದ ಚದರ ಮೀಟರನ್ನು ಮಿಲಿಮೀಟರ್‌ನಿಂದ ಗುಣಿಸಿದರೆ ನೇರವಾಗಿ ಲೀಟರ್. 12 ಮೀ. × 8 ಮೀ. ಚಾವಣಿಯ ಮೇಲೆ 25 ಮಿ.ಮೀ. ಮಳೆ ಬಂತು. ಅದರಲ್ಲಿ ಶೇಕಡ 80 ಭಾಗ, ತಳ 2 ಮೀ. × 1.5 ಮೀ. ಇರುವ ತೊಟ್ಟಿಗೆ ಸೇರಿತು. ತೊಟ್ಟಿಯಲ್ಲಿ ನೀರು ಎಷ್ಟು ಏರುತ್ತದೆ? 96 ಚದರ ಮೀಟರ್ × 25 = 2400 ಲೀಟರ್. ಅದರ ಶೇ. 80 ಅಂದರೆ 1920 ಲೀಟರ್. ಈಗ ವಾಪಸ್ ಹೋಗಬೇಕು, ಯಾಕೆಂದರೆ ಕೇಳಿರುವುದು ಎತ್ತರ. 1920 ಲೀಟರ್ ಅಂದರೆ 1.92 ಘನ ಮೀಟರ್. ತಳ 3 ಚದರ ಮೀಟರ್. 1.92 ÷ 3 = 0.64 ಮೀ., ಅಂದರೆ 64 ಸೆಂ.ಮೀ. ಇಂಥ ಲೆಕ್ಕದಲ್ಲಿ ಲೀಟರ್‌ಗೆ ಹೋಗಿ, ಮತ್ತೆ ಮೀಟರ್‌ಗೆ ಬರಬೇಕು. ಮಕ್ಕಳು ಎಡವುವುದು ಹೆಚ್ಚಾಗಿ ಈ ವಾಪಸ್ ದಾರಿಯಲ್ಲಿ. ಹಾಗಾಗಿ ಅಲ್ಲಿ ಒಂದು ಸಾಲು ಜಾಸ್ತಿಯೇ ಬರೆಸಿ.

ಅಡಿ, ಇಂಚು ಬಂದರೂ ವಿಚಾರ ಇದೇ. ಒಂದು ಘನ ಅಡಿ ಅಂದರೆ 12 ಘನ ಇಂಚು ಅಲ್ಲ, 12 × 12 × 12 = 1728. ಲೀಟರ್‌ನಲ್ಲಿ ಸುಮಾರು 28.3. ಗ್ಯಾಲನ್ ಬಂದರೆ ಯಾವ ಗ್ಯಾಲನ್ ಅಂತ ನೋಡಲೇಬೇಕು. ಅಮೆರಿಕದ್ದು ಸುಮಾರು 3.785 ಲೀಟರ್, ಬ್ರಿಟನ್ನಿನದು ಸುಮಾರು 4.546.

ಪ್ರತಿ ಸಾಲಿನಲ್ಲೂ ಏಕಮಾನ ಬರೆಯಿರಿ ಅಂದರೆ ಮಕ್ಕಳಿಗೆ ಅದು ಬೇಸರದ ಕೆಲಸ. "ಅಂಕ ಕಟ್ ಆಗುತ್ತೆ" ಅಂತ ಹೆದರಿಸುವುದರಿಂದ ಪ್ರಯೋಜನ ಇಲ್ಲ. ನಾನು ಅವರಿಗೆ ನಿಜವಾಗಿ ನಡೆದ ಒಂದು ಘಟನೆ ಹೇಳುತ್ತೇನೆ. 1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767 ವಿಮಾನದ ಇಂಧನ ಆಕಾಶದ ಮಧ್ಯದಲ್ಲೇ ಮುಗಿದುಹೋಯಿತು. ಇಂಧನ ತೋರಿಸುವ ಮಾಪಕ ಅವತ್ತು ಕೆಲಸ ಮಾಡುತ್ತಿರಲಿಲ್ಲ. ಹಾಗಾಗಿ ಹೊರಡುವ ಮೊದಲು ಕೈಯಲ್ಲೇ ಲೆಕ್ಕ ಹಾಕಿದ್ದರು. ಆ ಲೆಕ್ಕ ಎಂಟನೇ ಕ್ಲಾಸಿನ ಲೆಕ್ಕಕ್ಕಿಂತ ದೊಡ್ಡದಲ್ಲ. ಟ್ಯಾಂಕಿನಲ್ಲಿ 7,682 ಲೀಟರ್ ಇದೆ. ಪ್ರಯಾಣಕ್ಕೆ 22,300 ಕಿಲೋಗ್ರಾಂ ಬೇಕು. ಇನ್ನೆಷ್ಟು ಲೀಟರ್ ಹಾಕಬೇಕು? ಇರುವುದನ್ನು ಕಿಲೋಗ್ರಾಂಗೆ ತರಬೇಕು, ಕಳೆಯಬೇಕು, ಉಳಿದದ್ದನ್ನು ಮತ್ತೆ ಲೀಟರ್‌ಗೆ ತರಬೇಕು. ಮೂರೇ ಹಂತ.

ಅವರು ಲೀಟರನ್ನು 1.77ರಿಂದ ಗುಣಿಸಿದರು. ಒಂದು ಲೀಟರ್ ಇಂಧನಕ್ಕೆ 1.77 ಪೌಂಡ್ ತೂಕ, ಆ ಸಂಖ್ಯೆ ಪೌಂಡ್‌ನದು. ಬಂದ 13,597 ಅನ್ನುವುದನ್ನು ಕಿಲೋಗ್ರಾಂ ಅಂದುಕೊಂಡರು. ಬೇಕಿದ್ದದ್ದು ಲೀಟರ್‌ಗೆ 0.803 ಕಿಲೋಗ್ರಾಂ. ಹಾಗೆ ಮಾಡಿದ್ದರೆ ಸುಮಾರು 20,000 ಲೀಟರ್ ಹಾಕಬೇಕು ಅಂತ ಬರುತ್ತಿತ್ತು. ಹಾಕಿದ್ದು 5,000 ಲೀಟರ್‌ಗೂ ಸ್ವಲ್ಪ ಕಡಿಮೆ. ಎರಡೂ ಎಂಜಿನ್ ನಿಂತ ವಿಮಾನವನ್ನು ಪೈಲಟ್‌ಗಳು ತೇಲಿಸಿಕೊಂಡು ಬಂದು ಗಿಮ್ಲಿ ಅನ್ನುವಲ್ಲಿ ಹಳೆಯ ವಾಯುನೆಲೆಯ ರನ್‌ವೇ ಮೇಲೆ ಇಳಿಸಿದರು. ಯಾರ ಜೀವಕ್ಕೂ ಅಪಾಯವಾಗಲಿಲ್ಲ.

ಇದನ್ನು ಕೇಳಿದ ಮಗುವಿನ ಕೈಗೆ ಪೆನ್ನು ಕೊಟ್ಟು ಲೆಕ್ಕ ಮಾಡಲು ಹೇಳಿ. 7,682 ಲೀಟರ್ × 0.803 ಅಂತ ಬರೆಯುವಾಗ 0.803ರ ಪಕ್ಕದಲ್ಲಿ "ಲೀಟರ್‌ಗೆ ಇಷ್ಟು ಕಿಲೋಗ್ರಾಂ" ಅಂತ ಬರೆಸಿ. ಬದಲಿಸಲು ಬಳಸುವ ಸಂಖ್ಯೆಗೂ ಏಕಮಾನ ಇರುತ್ತದೆ. ಯಾವುದಕ್ಕೆ ಎಷ್ಟು ಅನ್ನುವ ಏಕಮಾನ. ನಿಮ್ಮ ಮಗಳ 100ಕ್ಕೂ ಇತ್ತು: ಒಂದು ಮೀಟರ್‌ಗೆ 100 ಸೆಂಟಿಮೀಟರ್. ಹಾಗೆ ಬರೆದಿದ್ದರೆ, ಘನ ಮೀಟರ್ ಪಕ್ಕದಲ್ಲಿ ಅದು ಕೂರುವುದಿಲ್ಲ ಅಂತ ಕಣ್ಣಿಗೇ ಕಾಣುತ್ತಿತ್ತು.

ಅಭ್ಯಾಸದ ಬಗ್ಗೆ ಕೇಳಿದ್ದಿರಿ. ದಿನಕ್ಕೆ ಹತ್ತು ಲೆಕ್ಕ ಬೇಡ. ಎರಡು ಸಾಕು. ಪ್ರತಿ ಲೆಕ್ಕಕ್ಕೂ ಮೊದಲು ಪೆನ್ನು ಕೆಳಗಿಟ್ಟು, ಉತ್ತರ ಸುಮಾರು ಎಷ್ಟಿರಬಹುದು ಅಂತ ಬಾಯಲ್ಲಿ ಹೇಳಿಸಿ. ಹತ್ತರ ಹತ್ತಿರವೋ, ನೂರರ ಹತ್ತಿರವೋ, ಸಾವಿರದ ಹತ್ತಿರವೋ, ಅಷ್ಟು ಗೊತ್ತಾದರೆ ಸಾಕು. ತಪ್ಪಾದಾಗ "ಮತ್ತೆ ಮಾಡು" ಅನ್ನಬೇಡಿ. ಬಂದ ಉತ್ತರ ಹಿಡಿದುಕೊಂಡು ಯಾವ ಸಾಲಿನಲ್ಲಿ ದಾರಿ ತಪ್ಪಿತು ಅಂತ ಅವಳೇ ಹುಡುಕಲಿ. ಅದಕ್ಕೆಂದೇ ಒಂದು ಲೆಕ್ಕ ಕೊಡುತ್ತೇನೆ.

ಮುಚ್ಚಳವಿಲ್ಲದ ಮರದ ಪೆಟ್ಟಿಗೆ. ಹೊರಗಿನ ಉದ್ದ 60 ಸೆಂ.ಮೀ., ಅಗಲ 40 ಸೆಂ.ಮೀ., ಎತ್ತರ 35 ಸೆಂ.ಮೀ. ಮರದ ದಪ್ಪ 25 ಮಿ.ಮೀ. ಪೆಟ್ಟಿಗೆ ತುಂಬಾ ನೀರಿದೆ. ಈ ನೀರಿನಿಂದ 750 ಮಿ.ಲೀ.ನ ಎಷ್ಟು ಬಾಟಲಿಗಳನ್ನು ಪೂರ್ತಿ ತುಂಬಬಹುದು?

ಸರಿ ಉತ್ತರ 83. ಒಳಗಿನ ಅಳತೆ 55, 35, 32.5 ಸೆಂ.ಮೀ. ಘನಫಲ 62,562.5 ಘನ ಸೆಂ.ಮೀ., ಅಷ್ಟೇ ಮಿ.ಲೀ. ಅವಳಿಗೆ 112 ಬಂದರೆ ಮರದ ದಪ್ಪವನ್ನೇ ಮರೆತಿದ್ದಾಳೆ. 93 ಬಂದರೆ ಉದ್ದ, ಅಗಲಗಳಲ್ಲಿ ಒಂದು ಕಡೆಯ ಹಲಗೆ ಮಾತ್ರ ಕಳೆದಿದ್ದಾಳೆ. 77 ಬಂದರೆ ಎತ್ತರದಲ್ಲೂ ಎರಡು ಹಲಗೆ ಕಳೆದಿದ್ದಾಳೆ, ಇಲ್ಲದ ಮುಚ್ಚಳವನ್ನೂ ಸೇರಿಸಿ. 84 ಬಂದರೆ ಲೆಕ್ಕವೆಲ್ಲ ಸರಿ, ಪ್ರಶ್ನೆ ಓದಿದ್ದು ಮಾತ್ರ ಬೇರೆ. ಎಲ್ಲ ನೀರನ್ನೂ ತುಂಬಿಡಲು ಎಷ್ಟು ಬಾಟಲಿ ಬೇಕು ಅಂತ ಕೇಳಿದ್ದರೆ ಅದೇ ಉತ್ತರ ಆಗುತ್ತಿತ್ತು.